ಸರ್ಕಾರ ಬದಲಾದರೆ ಕೆರೆಗೇನು ಸಿಕ್ಕೀತು?

ಹೊಸ ಸರ್ಕಾರ ಬಂದ ವಾರ ಕೋಲಾರ, ಚಿಕ್ಕಬಳ್ಳಾಪುರದ ಜೆರಾಕ್ಸ್ ಅಂಗಡಿಗಳಿಗೆ ಒಳ್ಳೆ ವ್ಯಾಪಾರ. ಒಂದು ಮನವಿ ಪತ್ರ. ಅದಕ್ಕೆ ಲಗತ್ತಾಗಿ ಹೋದ ಸರ್ಕಾರಕ್ಕೆ ಕೊಟ್ಟಿದ್ದ ಮನವಿ ಪತ್ರ. ಅದಕ್ಕೂ ಲಗತ್ತಾಗಿ ಅದರ ಹಿಂದಿನ ಸರ್ಕಾರಕ್ಕೆ ಕೊಟ್ಟದ್ದು. ಬೇಡಿಕೆಗಳು ಹೆಚ್ಚುಕಡಿಮೆ ಅವೇ. ಕೆರೆ ಒತ್ತುವರಿ ತೆರವು ಮಾಡಿ. ರಾಜಕಾಲುವೆ ಬಿಡಿಸಿಕೊಡಿ. ಬೆಂಗಳೂರಿನಿಂದ ಬರುವ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ. ಬೆಟ್ಟ ಕೊರೆಯುವ ಕ್ವಾರಿಗಳಿಗೆ ಕಡಿವಾಣ ಹಾಕಿ. ಎತ್ತಿನಹೊಳೆ ನೀರು ಯಾವಾಗ ಬರುತ್ತದೆ ಅಂತ ಒಂದು ದಿನಾಂಕ ಹೇಳಿ. ಹೊಸ ಸಚಿವರು ಶಾಲು ಹೊದಿಸಿಕೊಂಡು, ಪತ್ರದ ಮೇಲೆ ‘ಪರಿಶೀಲಿಸಿ’ ಅಂತ ಗೀಚಿ, ಪಕ್ಕದ ಅಧಿಕಾರಿಯ ಕೈಗೆ ಕೊಡುತ್ತಾರೆ. ಫೋಟೊ ಆಗುತ್ತದೆ.

ಸುಮ್ನೆ ಗೇಲಿಗೆ ಇದನ್ನು ಹೇಳುತ್ತಿಲ್ಲ. ಆ ನಿರೀಕ್ಷೆಗೆ ಕಾರಣ ಇದೆ. ಸರ್ಕಾರ ಬದಲಾದಾಗ ನಿಜಕ್ಕೂ ಕೆಲವು ಕೆಲಸ ಆಗುತ್ತವೆ. ಆದರೆ ಯಾವುದು ಮಂತ್ರಿಯ ಕೈಲಿದೆ, ಯಾವುದು ದೆಹಲಿಯ ಕೈಲಿದೆ, ಯಾವುದು ನಮ್ಮ ಊರ ಪಂಚಾಯಿತಿಯಲ್ಲೇ ಇದೆ ಅನ್ನುವುದು ಗೊತ್ತಿಲ್ಲದೆ ಹೋದರೆ ಮನವಿ ಟಪಾಲು ವಿಭಾಗ ದಾಟುವುದಿಲ್ಲ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಕಡೆ ಪರಿಸರದ ಮಾತಾಡುವವರು ಯಾರು ಅನ್ನುವುದನ್ನು ಮೊದಲು ಹೇಳಬೇಕು. ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುವವರು ತುಮಕೂರಿನಲ್ಲಿ ಇದ್ದಾರೆ, ನಿಜ. ಆದರೆ ಜಾಸ್ತಿ ಜನ ರೈತರು, ನಿವೃತ್ತ ಮೇಷ್ಟ್ರುಗಳು, ದಲಿತ ಸಂಘಟನೆಯವರು, ವಕೀಲರು. ಇವರಿಗೆ ಪರಿಸರ ಅಂದರೆ ಮೊದಲು ನೀರು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಅಂತ ಇಷ್ಟೊಂದು ನದಿ ಈ ಭಾಗದಲ್ಲೇ ಹುಟ್ಟುತ್ತವೆ. ಒಂದೂ ವರ್ಷವಿಡೀ ಹರಿಯುವುದಿಲ್ಲ. ಮಳೆ ನಿಂತರೆ ಮರಳು, ಆ ಮರಳೂ ಈಗ ಉಳಿದಿಲ್ಲ. ಅದಕ್ಕೇ ಹಿಂದಿನವರು ಸಾವಿರಾರು ಕೆರೆ ಕಟ್ಟಿಕೊಂಡರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹೀಗೆ ಸಾಲು ಸಾಲು.

ಕೆರೆಗಳು ಸೊರಗಿದ ಮೇಲೆ ಜನ ನೆಲದಡಿಗೆ ಹೋದರು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಗಟ್ಟಿ ಬಂಡೆಯ ಬಿರುಕಿನಿಂದ ಬರುತ್ತದೆ. ವರ್ಷಗಟ್ಟಲೆ ಬಂಡೆಯ ಜೊತೆ ಇದ್ದ ನೀರು ಅದರಲ್ಲಿರುವುದನ್ನೆಲ್ಲ ಕರಗಿಸಿಕೊಂಡಿರುತ್ತದೆ. ಪಾವಗಡದ ಫ್ಲೋರೈಡ್ ವಿಷಯ ರಾಜ್ಯಕ್ಕೆಲ್ಲ ಗೊತ್ತು. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಕೀಲು, ಮೂಳೆ. ಯುರೇನಿಯಂ ಕಥೆ ಅಷ್ಟು ಸುದ್ದಿಯಾಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕರ್ನಾಟಕದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲ ಪರೀಕ್ಷೆ ಮಾಡಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹಳ್ಳಿಗಳು ಆ ಪಟ್ಟಿಯಲ್ಲಿದ್ದವು.

ಹೀಗಿರುವಾಗ ಪ್ರತಿ ಸಲ ಸರ್ಕಾರ ಬದಲಾದಾಗ ಜನ ಆಸೆಪಡುವುದು ಸಹಜ ಅಲ್ವಾ?

ಮೊದಲ ಎರಡು ತಿಂಗಳು

ತಾರೀಕುಗಳನ್ನು ಸ್ವಲ್ಪ ಗಮನಿಸಿ. 2013ರಲ್ಲಿ ಸಿದ್ದರಾಮಯ್ಯ ಪ್ರಮಾಣವಚನ ತೆಗೆದುಕೊಂಡದ್ದು ಮೇ 13ಕ್ಕೆ, ಬಜೆಟ್ ಮಂಡಿಸಿದ್ದು ಜುಲೈ 12ಕ್ಕೆ. 2018ರಲ್ಲಿ ಕುಮಾರಸ್ವಾಮಿ ಮೇ 23ಕ್ಕೆ ಬಂದರು, ಜುಲೈ 5ಕ್ಕೆ ಬಜೆಟ್. 2023ರಲ್ಲಿ ಮತ್ತೆ ಸಿದ್ದರಾಮಯ್ಯ, ಮೇ 20 ಮತ್ತು ಜುಲೈ 7. ಚುನಾವಣೆ ಮೇ ತಿಂಗಳಲ್ಲಿ ಮುಗಿದರೆ ಹೊಸ ಸರ್ಕಾರದ ಮೊದಲ ಬಜೆಟ್ ಜುಲೈನಲ್ಲಿ. ನಡುವೆ ಸಿಗುವುದು ಒಂದೂವರೆ, ಎರಡು ತಿಂಗಳು.

ಆ ಅವಧಿಯಲ್ಲೇ ಎಲ್ಲವೂ ನಡೆಯುತ್ತದೆ. ಖಾತೆ ಹಂಚಿಕೆ, ಜಿಲ್ಲಾ ಉಸ್ತುವಾರಿ ಸಚಿವರ ನೇಮಕ, ಅಧಿಕಾರಿಗಳ ವರ್ಗಾವಣೆ. ಇಲಾಖೆಗಳು ಆರ್ಥಿಕ ಇಲಾಖೆಗೆ ತಮ್ಮ ಪ್ರಸ್ತಾವನೆ ಕಳಿಸುವುದೂ ಆಗಲೇ. ಒಂದು ಕೆರೆಯ ಹೆಸರು, ಒಂದು ಪೋಷಕ ಕಾಲುವೆಯ ಅಂದಾಜು ಪಟ್ಟಿ ಆ ಪ್ರಸ್ತಾವನೆಯೊಳಗೆ ಸೇರಬೇಕು. ಸೇರಲಿಲ್ಲವೋ, ಮುಂದಿನ ವರ್ಷದ ಮಾತು. ಸನ್ಮಾನ ಸಮಾರಂಭಕ್ಕೆ ಜನ ಓಡುವ ಹೊತ್ತಿಗೆ ನಿಜವಾದ ಕೆಲಸ ಸಣ್ಣ ನೀರಾವರಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ನಡೆಯುತ್ತಿರುತ್ತದೆ. ಅಲ್ಲಿ ಹಾರ ಹಿಡಿದು ಹೋಗುವವರು ಕಡಿಮೆ.

ವರ್ಗಾವಣೆಯನ್ನು ಜನ ಬರೀ ರಾಜಕೀಯ ಅಂದುಕೊಳ್ಳುತ್ತಾರೆ. ಪರಿಸರಕ್ಕೆ ಅದು ಬಹಳ ದೊಡ್ಡ ವಿಷಯ. ಕ್ವಾರಿ ಮೇಲೆ ದಾಳಿ ಮಾಡುವ ಗಣಿ ಅಧಿಕಾರಿ, ಕೆರೆ ಸರ್ವೇ ಮಾಡಿಸುವ ತಹಸೀಲ್ದಾರ್, ಕಾಡಿನ ಗಡಿ ಹುಡುಕುವ ಅರಣ್ಯಾಧಿಕಾರಿ, ಇವರು ಎಷ್ಟು ದಿನ ಕುರ್ಚಿಯಲ್ಲಿ ಇರುತ್ತಾರೆ ಅನ್ನುವುದರ ಮೇಲೆ ಎಷ್ಟೋ ಫೈಲು ನಿಂತಿರುತ್ತದೆ.

ಇದಕ್ಕೊಂದು ಉದಾಹರಣೆ ಶ್ರೀನಿವಾಸಪುರ. 2023ರಲ್ಲಿ ಹೊಸ ಸರ್ಕಾರ ಬಂದ ಕೆಲವೇ ತಿಂಗಳಲ್ಲಿ ಅಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿಯಿತು. ಜೆಸಿಬಿಗಳು ಬಂದವು, ಫಲಕ್ಕೆ ಬಂದಿದ್ದ ಮಾವಿನ ಮರಗಳು ಉರುಳಿದವು. ಕಾಡು ವಾಪಸ್ ಬಂತು ಅಂತ ಒಂದು ಕಡೆ ಖುಷಿ. ನಮ್ಮ ಅಪ್ಪನ ಕಾಲದಿಂದ ಉಳುಮೆ ಮಾಡಿದ ಜಮೀನು ಅಂತ ಇನ್ನೊಂದು ಕಡೆ ಕಣ್ಣೀರು. ಮಾವು ಶ್ರೀನಿವಾಸಪುರದವರ ಬದುಕು. ಕಂದಾಯ ದಾಖಲೆ ಒಂದು ಹೇಳುತ್ತದೆ, ಅರಣ್ಯ ದಾಖಲೆ ಇನ್ನೊಂದು ಹೇಳುತ್ತದೆ, ನಡುವೆ ರೈತ. ಜಂಟಿ ಸರ್ವೇ ಮಾಡದೆ ಮರಕ್ಕೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಕಾಡು ಬೇಕು ಅನ್ನುವವರು ರೈತರ ವೈರಿಗಳು ಅನ್ನಿಸಿಕೊಂಡರೆ ಮುಂದಿನ ಚುನಾವಣೆಗೆ ಕಾಡಿನ ಪರ ಮಾತಾಡುವ ಅಭ್ಯರ್ಥಿಯೇ ಸಿಗುವುದಿಲ್ಲ.

ಒಬ್ಬರು ಕೆಲಸ ಕೊಟ್ಟರು, ಇನ್ನೊಬ್ಬರ ಕಾಲಕ್ಕೆ ನೀರು ಬಂತು

ಕೆ.ಸಿ. ವ್ಯಾಲಿ ಯೋಜನೆ ತಿಳಿದುಕೊಂಡರೆ ಸರ್ಕಾರ ಬದಲಾಗುವುದರ ಅರ್ಥ ಅರ್ಧ ತಿಳಿದ ಹಾಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹರಿಯುವ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಪಂಪ್ ಮಾಡಿ, ಕೋಲಾರ ಭಾಗದ 126 ಕೆರೆಗಳಿಗೆ ಹರಿಸುವುದು ಯೋಜನೆ. ಕೆರೆ ತುಂಬಿದರೆ ಸುತ್ತಲಿನ ಅಂತರ್ಜಲ ಏರುತ್ತದೆ, ಬೋರ್‌ವೆಲ್‌ಗೆ ಜೀವ ಬರುತ್ತದೆ ಅನ್ನುವ ಲೆಕ್ಕ. ಇದು ಸುಮ್ನೆ ಬಂದದ್ದಲ್ಲ. 2016ರ ಮಾರ್ಚ್‌ನಲ್ಲಿ ಈ ಜಿಲ್ಲೆಗಳ ರೈತರು ಶಾಶ್ವತ ನೀರಾವರಿ ಬೇಕು ಅಂತ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಿದ್ದರು, ಲಾಠಿ ಏಟು ತಿಂದಿದ್ದರು.

ಸುಮಾರು 1,300 ಕೋಟಿ ರೂಪಾಯಿಯ ಮೊದಲ ಹಂತದ ಕೆಲಸ ಒಂದು ಸರ್ಕಾರದ ಕಾಲದಲ್ಲಿ ಶುರುವಾಯಿತು. 2018ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜನ ಪೂಜೆ ಮಾಡಿದರು. ಮರುತಿಂಗಳೇ ನೀರಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರು ಕೆರೆಯ ನೊರೆ ಟಿವಿಯಲ್ಲಿ ನೋಡಿದ್ದ ಜನ ಗಾಬರಿಯಾದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿ ಹೈಕೋರ್ಟಿಗೆ ಹೋದರು, ಹೈಕೋರ್ಟ್ ನೀರು ನಿಲ್ಲಿಸಿತು. ಕೆಲ ತಿಂಗಳ ಮೇಲೆ ಷರತ್ತು ಹಾಕಿ ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು, ಏಪ್ರಿಲ್‌ನಲ್ಲಿ ಬಿಟ್ಟಿತು. ನೀರು ಬೇಕು ಅಂತ ಬೀದಿಗಿಳಿದವರೇ ಇಂಥ ನೀರು ಬೇಡ ಅಂತ ಕೋರ್ಟಿಗೂ ಹೋಗಬೇಕಾಯಿತು. ಇದನ್ನು ಇಬ್ಬಗೆ ನೀತಿ ಅಂತ ಅಣಕಿಸಿದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಸಿದವನಿಗೂ ಹಳಸಿದ ಅನ್ನ ಬೇಡ ಅನ್ನುವ ಹಕ್ಕಿದೆ.

ಗಲಾಟೆ ಇರುವುದು ‘ಹಂತ’ದ ಬಗ್ಗೆ. ಮೊದಲ ಹಂತದಲ್ಲಿ ಕೊಳಚೆಯಲ್ಲಿರುವ ಕಸ, ಮರಳು, ತಳಕ್ಕೆ ಕೂರುವ ಗಸಿ ಬೇರೆಯಾಗುತ್ತದೆ. ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ, ಅವು ನೀರಲ್ಲಿ ಕರಗಿದ ಸಾವಯವ ಕೊಳೆಯನ್ನು ತಿಂದು ಮುಗಿಸುತ್ತವೆ. ಇಲ್ಲಿಗೆ ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ. ಆದರೆ ರಂಜಕ, ಸಾರಜನಕ, ರೋಗಾಣು, ಸೋಪಿನಪುಡಿಯ ಅಂಶ, ಕೆಲವು ಲೋಹಗಳು ಒಂದಷ್ಟು ಉಳಿದೇ ಇರುತ್ತವೆ. ಅವನ್ನು ತೆಗೆಯುವುದು ಮೂರನೇ ಹಂತ. ಸೂಕ್ಷ್ಮ ಸೋಸುವಿಕೆ, ರಾಸಾಯನಿಕ ಹಾಕಿ ರಂಜಕ ಇಳಿಸುವುದು, ಅತಿನೇರಳೆ ಬೆಳಕು ಹಾಯಿಸುವುದು, ಹೀಗೆ. ಕೋಲಾರಕ್ಕೆ ಬರುತ್ತಿರುವುದು ಎರಡನೇ ಹಂತ ಮುಗಿಸಿದ ನೀರು. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ ಬರುವ ನೀರೂ ಅಷ್ಟೇ. ಅದು ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆಗಳ ಯೋಜನೆ.

ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಏರಿದೆ ಅಂತ ಕೆರೆ ಕೆಳಗಿನ ರೈತರು ಹೇಳುತ್ತಾರೆ, ಅದೂ ನಿಜವೇ. ಈ ನೀರೇ ಬೇಡ ಅನ್ನುವ ರೈತ ಈಗ ಸಿಗುವುದು ಕಷ್ಟ. ಇನ್ನೂ ಶುದ್ಧ ಮಾಡಿ ಕೊಡಿ ಅನ್ನುವವರು ಎಲ್ಲ ಕಡೆ ಇದ್ದಾರೆ. ಪ್ರತಿ ಹೊಸ ಸರ್ಕಾರದ ಮುಂದೆಯೂ ಮೂರನೇ ಹಂತದ ಬೇಡಿಕೆ ಹೋಗುತ್ತದೆ. ಹೋಗುವುದು ಯಾರಿಗೆ? ಸಣ್ಣ ನೀರಾವರಿ ಸಚಿವರಿಗೆ. ಆ ಇಲಾಖೆ ನೋಡಿಕೊಳ್ಳುವುದು ಪೈಪು, ಪಂಪು, ಕೆರೆ. ಶುದ್ಧೀಕರಣ ಘಟಕ ಇರುವುದು ಬೆಂಗಳೂರು ಜಲಮಂಡಳಿಯ ಕೈಯಲ್ಲಿ. ಜಲಮಂಡಳಿ ಬೇರೆ ಇಲಾಖೆ, ಬೇರೆ ಮಂತ್ರಿ, ಬೇರೆ ಬಜೆಟ್. ಜಲಮಂಡಳಿಯ ಗ್ರಾಹಕರು ಬೆಂಗಳೂರಿನವರು. ಕೋಲಾರದ ಕೆರೆ ಅದರ ಪುಸ್ತಕದಲ್ಲಿ ಎಲ್ಲಿದೆ? ಎರಡು ಇಲಾಖೆಯನ್ನು ಒಂದೇ ಮೇಜಿಗೆ ಕೂರಿಸುವ ಶಕ್ತಿ ಮುಖ್ಯಮಂತ್ರಿಗೆ ಮಾತ್ರ ಇದೆ. ಹೊಸ ಸರ್ಕಾರದಿಂದ ಕೇಳಬೇಕಾದ್ದು ಅದನ್ನೇ: ಒಂದು ಜಂಟಿ ಆದೇಶ, ತಿಂಗಳಿಗೊಮ್ಮೆ ನೀರಿನ ಪರೀಕ್ಷೆ, ಅದರ ವರದಿ ಕೆರೆ ಏರಿ ಮೇಲೆ ಬೋರ್ಡಿನಲ್ಲಿ ಕನ್ನಡದಲ್ಲಿ.

ಆದೇಶದ ಕೊನೆಯ ಸಾಲು ಓದಿ

ಮಂತ್ರಿ ವೇದಿಕೆ ಮೇಲೆ ಹೇಳಿದ್ದು ಘೋಷಣೆ. ಸರ್ಕಾರ ಮಾಡಿದ್ದು ಅಂತ ಲೆಕ್ಕಕ್ಕೆ ಬರುವುದು ಸರ್ಕಾರಿ ಆದೇಶ. ಒಂದು ಆದೇಶವನ್ನು ಕೈಗೆ ತೆಗೆದುಕೊಂಡು ನೋಡಿ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’. ಕೆಳಗೆ ‘ವಿಷಯ’. ಅದರ ಕೆಳಗೆ ‘ಓದಲಾಗಿದೆ’ ಅಂತ ಹಳೆಯ ಆದೇಶ, ಪತ್ರಗಳ ಪಟ್ಟಿ. ಆಮೇಲೆ ‘ಪ್ರಸ್ತಾವನೆ’. ಕೊನೆಗೆ ಆದೇಶದ ಸಂಖ್ಯೆ, ದಿನಾಂಕ, ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅನ್ನುವ ಸಾಲು, ಅಧೀನ ಕಾರ್ಯದರ್ಶಿಯಂಥವರ ಸಹಿ.

ಅನುಭವ ಇರುವ ಹೋರಾಟಗಾರರು ಮೊದಲು ನೋಡುವುದು ಎರಡು ಜಾಗ. ಒಂದು, ‘ಓದಲಾಗಿದೆ’ ಪಟ್ಟಿಯಲ್ಲಿ ತಮ್ಮ ಮನವಿಯೋ, ಜಿಲ್ಲಾಧಿಕಾರಿಯ ವರದಿಯೋ ಇದೆಯಾ ಅಂತ. ಇದ್ದರೆ ಮನವಿ ಫೈಲಿನೊಳಗೆ ಹೋಗಿದೆ ಅಂತ ಅರ್ಥ. ಇನ್ನೊಂದು, ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ ಹಾಕಿ ‘ಸಹಮತಿ ಮೇರೆಗೆ ಹೊರಡಿಸಲಾಗಿದೆ’ ಅನ್ನುವ ಸಾಲು. ದುಡ್ಡು ಬೇಕಾದ ಕೆಲಸದ ಆದೇಶದಲ್ಲಿ ಆ ಸಾಲು ಇಲ್ಲದಿದ್ದರೆ ಪಟಾಕಿ ಹೊಡೆಯುವ ಅವಸರ ಬೇಡ. ‘ತಾತ್ವಿಕ ಒಪ್ಪಿಗೆ’ ಅಂತ ಬರೆದಿದ್ದರಂತೂ ಇನ್ನೂ ಕಾಯಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಬಜೆಟ್ ಪುಸ್ತಕದಲ್ಲಿ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. 4702 ಅಂದರೆ ಸಣ್ಣ ನೀರಾವರಿಯ ಬಂಡವಾಳ ವೆಚ್ಚ: ಹೊಸ ಪೈಪು, ಹೊಸ ಚೆಕ್ ಡ್ಯಾಂ, ಹೊಸ ಏತ ನೀರಾವರಿ. 2702 ಅಂದರೆ ಅದೇ ಇಲಾಖೆಯ ರಾಜಸ್ವ ವೆಚ್ಚ: ದುರಸ್ತಿ, ನಿರ್ವಹಣೆಯಂಥ ಖರ್ಚು. 4ರಿಂದ ಶುರುವಾದರೆ ಕಟ್ಟುವುದು, 2ರಿಂದ ಶುರುವಾದರೆ ನಡೆಸುವುದು ಅಂತ ಸ್ಥೂಲವಾಗಿ ಇಟ್ಟುಕೊಳ್ಳಿ. ಹೊಸ ಸರ್ಕಾರಗಳಿಗೆ 4 ಇಷ್ಟ. ಶಂಕುಸ್ಥಾಪನೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ತೂಬಿನ ಬಾಗಿಲು ರಿಪೇರಿಗೆ, ಪೋಷಕ ಕಾಲುವೆಯ ಸೀಮೆಜಾಲಿ ಕಡಿಯುವುದಕ್ಕೆ, ನೀರಗಂಟಿಗೆ ಕೂಲಿ ಕೊಡುವುದಕ್ಕೆ ಕಲ್ಲು ನೆಡುವವರಿಲ್ಲ. ಕೆರೆಗೆ ಬೇಕಾಗಿರುವುದು ಮಾತ್ರ ಇದೇ.

ಅದಕ್ಕೇ ಜುಲೈ ಬಜೆಟ್ ಬಂದಾಗ ‘ಇಷ್ಟು ಕೆರೆ ತುಂಬಿಸುತ್ತೇವೆ’ ಅನ್ನುವ ಭಾಷಣಕ್ಕಿಂತ 2702ರಲ್ಲಿ ಹೋದ ವರ್ಷಕ್ಕಿಂತ ಏರಿತಾ, ಇಳಿಯಿತಾ ಅಂತ ನೋಡುವುದು ಒಳ್ಳೆಯದು. ಕೆರೆ ತುಂಬಿಸುವ ಪಂಪಿನ ಕರೆಂಟ್ ಬಿಲ್ಲು ಕಟ್ಟದೆ ಹೋದರೆ 4702ರ ಪೈಪಿಗೆ ಏನು ಬೆಲೆ?

ಕುರ್ಚಿ ಯಾರಿಗೆ

ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. 1974ರ ಜಲ ಕಾಯ್ದೆ ಹಾಗೆ ಹೇಳುತ್ತದೆ. ಟಿಕೆಟ್ ಸಿಗದವರಿಗೆ, ಸಚಿವ ಸ್ಥಾನ ತಪ್ಪಿದವರಿಗೆ ಸಮಾಧಾನ ಮಾಡಲು ಇರುವ ನಿಗಮ ಮಂಡಳಿಗಳ ಸಾಲಿನಲ್ಲಿ ಇದನ್ನೂ ಎಣಿಸುವ ಅಭ್ಯಾಸ ದೇಶದ ತುಂಬ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬೇಸರಪಟ್ಟು, ಯಾರನ್ನು ನೇಮಿಸಬೇಕು, ಅವರಿಗೆ ಏನು ಅರ್ಹತೆ ಇರಬೇಕು ಅಂತ 6 ತಿಂಗಳಲ್ಲಿ ನಿಯಮ ಮಾಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಪಕ್ಕ ಇರುವವರಿಗೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದು ಮಂತ್ರಿ ಯಾರು ಅನ್ನುವಷ್ಟೇ ಮುಖ್ಯ. ಹೊಸ ಸರ್ಕಾರದ ಮುಂದೆ ಇದನ್ನು ಬೇಡಿಕೆಯಾಗಿ ಇಡುವವರು ಕಡಿಮೆ.

ಕ್ವಾರಿಗಳದ್ದು ಬೇರೆ ದಾರಿ. ಕಲ್ಲು ಗಣಿಗೆ ಪರಿಸರ ಅನುಮತಿ ಕೊಡುವುದು 2006ರ ಅಧಿಸೂಚನೆಯ ಪ್ರಕಾರ ರಚನೆಯಾದ ರಾಜ್ಯಮಟ್ಟದ ಪ್ರಾಧಿಕಾರ. ಹೆಸರು ಶಿಫಾರಸು ಮಾಡುವುದು ರಾಜ್ಯ, ಅಧಿಸೂಚನೆ ಹೊರಡಿಸುವುದು ಕೇಂದ್ರ, ಅವಧಿ 3 ವರ್ಷ. ಸರ್ಕಾರ ಬದಲಾದ ಮರುದಿನ ಈ ಪ್ರಾಧಿಕಾರ ಬದಲಾಗುವುದಿಲ್ಲ. ಆದರೆ ಸ್ಫೋಟಕ ಎಲ್ಲಿ ಇಟ್ಟಿದ್ದಾರೆ, ಅನುಮತಿ ಮೀರಿ ಆಳಕ್ಕೆ ಹೋಗಿದ್ದಾರಾ ಅಂತ ಜಾಗದಲ್ಲಿ ನೋಡುವುದಕ್ಕೆ ಜಿಲ್ಲಾಡಳಿತ ಸಾಕು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸ್ಫೋಟಿಸಿ 6 ಜನ ಸತ್ತರು. ಅದು ದೆಹಲಿಯಲ್ಲಿ ತಡೆಯಬೇಕಾದ ಸಾವಲ್ಲ.

ಇನ್ನು ಪೂರ್ತಿ ದೆಹಲಿಯ ಕೈಲಿ ಇರುವುದಕ್ಕೆ ಕೆಜಿಎಫ್ ನೋಡಬೇಕು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು. ಗಾಳಿ ಬೀಸುವ ಕಾಲಕ್ಕೆ ಆ ದೂಳು ಊರೊಳಗೆ ಬರುತ್ತದೆ. ಗಣಿ ಕಂಪನಿ ಕೇಂದ್ರ ಸರ್ಕಾರದ್ದು. 2024ರ ಜೂನ್‌ನಲ್ಲಿ 1,003 ಎಕರೆಯಲ್ಲಿರುವ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ದಿಬ್ಬ ಹೋದರೆ ದೂಳು ಹೋದೀತು ಅಂತ ಕೆಲವರು, ಕೆದಕಿದರೆ ಇನ್ನೂ ಜಾಸ್ತಿ ಎದ್ದೀತು ಅಂತ ಕೆಲವರು. ಇಲ್ಲಿ ರಾಜ್ಯದ ಪಾಲು ಒಪ್ಪಿಗೆ ಮತ್ತು ಷರತ್ತು, ಅಷ್ಟೇ.

ಒಂದು ಜಿಲ್ಲೆಯ ಆಸೆ, ಇನ್ನೊಂದು ಜಿಲ್ಲೆಯ ಆತಂಕ

ಎತ್ತಿನಹೊಳೆ ಬಗ್ಗೆ ಮಾತಾಡದೆ ಈ ಭಾಗದಲ್ಲಿ ಯಾವ ಚುನಾವಣೆಯೂ ಮುಗಿಯುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ನೇತ್ರಾವತಿಗೆ ಸೇರುವ ಹಳ್ಳಗಳ ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲೆತ್ತಿ, ಹಾಸನ, ತುಮಕೂರು ಹಾಯಿಸಿ ಕೋಲಾರ, ಚಿಕ್ಕಬಳ್ಳಾಪುರಕ್ಕೆ ತರುವ ಯೋಜನೆ. 2012ರಲ್ಲಿ 8,323 ಕೋಟಿ ರೂಪಾಯಿ ಅಂದಾಜಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ 12,912 ಕೋಟಿ ಆಯಿತು. ಈಗ 23,251 ಕೋಟಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದ್ದು ಸಿದ್ದರಾಮಯ್ಯ. ಆಮೇಲೆ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಬಂದು ಹೋದರು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟದ್ದೂ ಸಿದ್ದರಾಮಯ್ಯನವರೇ. ಮೂರೂ ಪಕ್ಷಗಳ ಆಡಳಿತ ಕಂಡ ಯೋಜನೆ ಇದು. ಯಾರೂ ನಿಲ್ಲಿಸಲಿಲ್ಲ, ಯಾರೂ ಮುಗಿಸಲೂ ಇಲ್ಲ.

ಇಲ್ಲೇ ಪರಿಸರವಾದಿಗಳ ನಿರೀಕ್ಷೆ ಎರಡು ಭಾಗವಾಗುವುದು. ದಕ್ಷಿಣ ಕನ್ನಡದವರು ಹೊಸ ಸರ್ಕಾರ ಬಂದಾಗಲೆಲ್ಲ ಇದನ್ನು ಕೈಬಿಡಿ ಅನ್ನುತ್ತಾರೆ. ಘಟ್ಟದ ಕಾಡು, ಆನೆ ದಾರಿ, ಬೇಸಿಗೆಯ ನೇತ್ರಾವತಿ ಅವರ ಚಿಂತೆ. ನಮ್ಮವರು ಬೇಗ ಮುಗಿಸಿ ಅನ್ನುತ್ತಾರೆ. ಇಬ್ಬರೂ ತಮ್ಮ ಊರಿನ ನೀರಿನ ಬಗ್ಗೆಯೇ ಮಾತಾಡುತ್ತಿದ್ದಾರೆ. ಮೂರನೆಯ ಗುಂಪು ಒಂದಿದೆ, ಅವರ ದನಿ ಸಣ್ಣದು: ಅಲ್ಲಿ ಅಷ್ಟು ನೀರು ಇದೆಯಾ ಅಂತ ಕೇಳುವವರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 9.55 ಟಿಎಂಸಿ. 24 ಎಲ್ಲಿ, 9.55 ಎಲ್ಲಿ! ಕೊನೆಯ ತುದಿಯಲ್ಲಿರುವುದು ಕೋಲಾರ. ನೀರು ಕಡಿಮೆ ಬಿದ್ದರೆ ಮೊದಲು ಕಡಿತ ಆಗುವುದು ಕೊನೆಯವರಿಗೆ ಅಂತ ಕಾಲುವೆ ಕೆಳಗೆ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ.

ಕುಡಿಯುವ ನೀರಿನ ಯೋಜನೆ ಅನ್ನುವ ಕಾರಣಕ್ಕೆ ಇದಕ್ಕೆ 2006ರ ಅಧಿಸೂಚನೆಯ ಪರಿಸರ ಅನುಮತಿ ಬೇಕಾಗಲಿಲ್ಲ. ಆದರೆ ಕಾಲುವೆ ಹಾಯುವ ಅರಣ್ಯ ಭೂಮಿಗೆ 1980ರ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕೇ ಬೇಕು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಹತ್ತಿರದ ಜಲಾಶಯಕ್ಕೆ ಅಡ್ಡಿಯಾದದ್ದಂತೂ ಪರಿಹಾರದ ದರ. ಒಂದೇ ಜಲಾಶಯಕ್ಕೆ ಜಮೀನು ಬಿಡಬೇಕಾದವರಲ್ಲಿ ದೊಡ್ಡಬಳ್ಳಾಪುರದ ಕಡೆಯವರಿಗೆ ಒಂದು ದರ, ಕೊರಟಗೆರೆ ಕಡೆಯವರಿಗೆ ಅದಕ್ಕಿಂತ ಕಡಿಮೆ. ತಾಲ್ಲೂಕಿನ ಗಡಿ ದಾಟಿದರೆ ಮಾರ್ಗಸೂಚಿ ಬೆಲೆ ಬದಲಾಗುತ್ತದೆ, ಅದಕ್ಕೆ. ಇದನ್ನು ಸರಿಪಡಿಸುವುದು ರಾಜ್ಯ ಸರ್ಕಾರದ ಕೈಲೇ ಇತ್ತು.

ನೆರೆ ರಾಜ್ಯಗಳ ವಿಷಯ ಇನ್ನೂ ಹಳೆಯದು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಒಂದು ಒಪ್ಪಂದ ಆಗಿತ್ತು. ಪಾಲಾರ್, ಪಿನಾಕಿನಿಯಂಥ ನದಿಗಳ ಮೇಲೆ ಮೇಲ್ಭಾಗದವರು ಹೊಸದಾಗಿ ಕಟ್ಟಬೇಕಾದರೆ ಕೆಳಗಿನವರ ಒಪ್ಪಿಗೆ ಬೇಕು ಅಂತ. ಕೋಲಾರದ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಅಣೆಕಟ್ಟು ಕಟ್ಟಿದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್‌ನಲ್ಲಿ ಆ ಅರ್ಜಿ ವಜಾ ಆಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯುವ ನೀರು ಕೊಡುವ ಸಣ್ಣ ಅಣೆಕಟ್ಟಿಗೇ ಇಷ್ಟು ರಗಳೆ.

ಯಾವ ಮನವಿಯಲ್ಲೂ ಇಲ್ಲದ ವಿಷಯ

ಇದನ್ನು ಬರೆದರೆ ಬೈಸಿಕೊಳ್ಳಬೇಕು ಅಂತ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರದ ಬಹುತೇಕ ತಾಲ್ಲೂಕುಗಳಲ್ಲಿ ವರ್ಷಕ್ಕೆ ಭೂಮಿಗೆ ಇಳಿಯುವುದಕ್ಕಿಂತ ಜಾಸ್ತಿ ನೀರನ್ನು ಮೇಲೆತ್ತುತ್ತಿದ್ದೇವೆ. ಸರ್ಕಾರಿ ಭಾಷೆಯಲ್ಲಿ ‘ಅತಿ ಬಳಕೆ’ಯ ತಾಲ್ಲೂಕುಗಳು. ಹೊಸ ಬೋರ್‌ವೆಲ್‌ಗೆ ಅನುಮತಿ ಬೇಕು ಅನ್ನುವ ಕಾಯ್ದೆ 2011ರಿಂದ ಇದೆ. ರಾತ್ರಿ ಲಾರಿ ಬಂದು ಕೊರೆದು ಬೆಳಗಾಗುವುದರಲ್ಲಿ ಹೋಗುವುದನ್ನು ಯಾರು ತಡೆಯುತ್ತಾರೆ? ಇನ್ನೊಂದು ಕಡೆ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಯಾವ ಪಕ್ಷ ಬಂದರೂ ಇದನ್ನು ಮುಟ್ಟುವುದಿಲ್ಲ. ಮುಟ್ಟಿ ಅಂತ ನಾನೂ ಹೇಳುತ್ತಿಲ್ಲ. ಟೊಮೆಟೊ ಬೆಲೆ ಬಿದ್ದ ವರ್ಷ ರೈತನಿಗೆ ಉಳಿದಿರುವ ಒಂದೇ ಆಸರೆ ಅದು.

ಆದರೆ ನಮ್ಮ ಜಿಲ್ಲೆಯ ಅತಿ ದೊಡ್ಡ ಪರಿಸರ ನಿರ್ಧಾರ ಪರಿಸರ ಇಲಾಖೆಯಲ್ಲಿ ಆಗುತ್ತಿಲ್ಲ, ಇಂಧನ ಇಲಾಖೆಯಲ್ಲಿ ಆಗುತ್ತಿದೆ ಅನ್ನುವುದನ್ನಾದರೂ ಒಪ್ಪಬೇಕು. ಕೆರೆಗೆ ಪೈಪಿನಲ್ಲಿ ನೀರು ತಂದು ತುಂಬಿಸುವುದೂ, ಅದೇ ನೀರನ್ನು ಪಕ್ಕದ ಬೋರ್‌ವೆಲ್‌ನಲ್ಲಿ ಮಿತಿಯಿಲ್ಲದೆ ಎತ್ತುವುದೂ ಒಟ್ಟಿಗೆ ನಡೆದರೆ ಅಂತರ್ಜಲ ಎಷ್ಟು ದಿನ ನಿಲ್ಲುತ್ತದೆ? ಕಡಿಮೆ ನೀರಿನ ಬೆಳೆಗೆ, ರಾಗಿಗೆ ಒಳ್ಳೆ ಬೆಲೆ ಕೊಟ್ಟು ಸಮಯಕ್ಕೆ ಖರೀದಿಸಿ ಅಂತ ಹೊಸ ಸರ್ಕಾರವನ್ನು ಕೇಳುವುದು ನನ್ನ ದೃಷ್ಟಿಯಲ್ಲಿ ಪಕ್ಕಾ ಪರಿಸರದ ಬೇಡಿಕೆ.

ಸದ್ದಿಲ್ಲದೆ ಉಳಿದವು

ದೊಡ್ಡ ಯೋಜನೆಗಳ ಕಥೆ ಹೀಗಾದರೆ, ಸಣ್ಣ ಆದೇಶಗಳ ಕಥೆ ಬೇರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗೆ ಸಂರಕ್ಷಿತ ಪ್ರದೇಶ ಮಾಡಿದರು. ಶಿರಾ ಕಡೆಯ ಬುಕ್ಕಾಪಟ್ಟಣ ಕಾಡು 2019ರಲ್ಲಿ ಚಿಂಕಾರ ವನ್ಯಧಾಮ ಆಯಿತು. ನೀಲಗಿರಿ ತೋಪು ಹೊಸದಾಗಿ ಹಾಕಬಾರದು ಅಂತ 2017ರಲ್ಲಿ ಆದೇಶ ಬಂತು. ಕೋಲಾರದ ಬೀಳು ಹೊಲಗಳಲ್ಲಿ ನೀಲಗಿರಿ ಹೇಗೆ ಹಬ್ಬಿತ್ತು ಅಂತ ನೋಡಿದವರಿಗೆ ಇದರ ಬೆಲೆ ಗೊತ್ತು. ಇವಕ್ಕೆ ಸಾವಿರಾರು ಕೋಟಿ ಬೇಕಿರಲಿಲ್ಲ. ಸ್ಥಳೀಯರು ವರ್ಷಗಟ್ಟಲೆ ಮಾಹಿತಿ ಸೇರಿಸಿಟ್ಟಿದ್ದರೆ, ಫೈಲು ತಯಾರಿದ್ದರೆ, ಇಂಥದ್ದು ಯಾವ ಸರ್ಕಾರದಲ್ಲೂ ಆಗುತ್ತದೆ. ಬಂದ ಮೇಲೆ ಮುಂದಿನ ಸರ್ಕಾರಕ್ಕೆ ಅದನ್ನು ತೆಗೆಯುವುದೂ ಕಷ್ಟ.

ಉಲ್ಟಾ ದಿಕ್ಕಿನಲ್ಲೂ ಸದ್ದಿಲ್ಲದೆ ಕೆಲಸ ಆಗುತ್ತದೆ. ಕೆರೆಯ ಸುತ್ತ ಕಟ್ಟಡ ಕಟ್ಟಬಾರದ 30 ಮೀಟರ್ ಜಾಗವನ್ನು ಕೆರೆಯ ಅಳತೆಗೆ ತಕ್ಕ ಹಾಗೆ ಇಳಿಸುವ ತಿದ್ದುಪಡಿ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿತು. ಪರಿಸರದವರು ವಿರೋಧಿಸಿದರು. ಸಣ್ಣ ಕೆರೆ, ಕುಂಟೆ, ಕಟ್ಟೆಗಳೇ ಜಾಸ್ತಿ ಇರುವ ನಮ್ಮಂಥ ಜಿಲ್ಲೆಗೆ ಇದು ಬೆಂಗಳೂರಿಗಿಂತ ಹೆಚ್ಚು ತಟ್ಟುವ ವಿಷಯ. ನಂದಿ ಬೆಟ್ಟದ ಸುತ್ತ, ದೇವನಹಳ್ಳಿಯ ಅಂಚಿನಲ್ಲಿ ಲೇಔಟುಗಳು ಎದ್ದಿರುವ ವೇಗ ನೋಡಿದರೆ ಗೊತ್ತಾಗುತ್ತದೆ.

ಈಗ ಕೆರೆಗೆ ವಾಪಸ್ ಬರೋಣ. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳದ್ದು. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. ಎರಡರಲ್ಲೂ ಒತ್ತುವರಿ ತೆರವು ಮಾಡಿಸಬೇಕಾದವರು ಕಂದಾಯದವರು, ಅಳತೆ ಮಾಡಬೇಕಾದವರು ಸರ್ವೇ ಇಲಾಖೆಯವರು. ನಮ್ಮ ಸುತ್ತಲಿನ ಕೆರೆಗಳಲ್ಲಿ ಬಹುಪಾಲು ಸಣ್ಣವು. ಅವಕ್ಕೆ ವಿಧಾನಸೌಧದ ಮನವಿಗಿಂತ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬೇಗ ಕೆಲಸ ಮಾಡುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಕೆರೆಗಳ ಸರ್ವೇ ಮುಗಿದಿದೆ, ಎಷ್ಟು ಒತ್ತುವರಿ ಸಿಕ್ಕಿದೆ, ಎಲ್ಲಿ ಗಡಿಕಲ್ಲು ನೆಟ್ಟಿದ್ದಾರೆ ಅನ್ನುವುದನ್ನು ತಹಸೀಲ್ದಾರ್ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ.